ಆರು ನಿಮಿಷದ ಟೈರು ತಪಾಸಣೆ

ನನ್ನ ಮಗಳ ಕಾಲೇಜಿನ ಅರ್ಜಿ ಒಂದು ವಾರದಿಂದ ಊಟದ ಮೇಜಿನ ಮೇಲೆ ಬಿದ್ದಿದೆ. ಯಾವ ವಿಷಯ ಓದುತ್ತೀರಿ ಅನ್ನುವ ಖಾನೆ ಮಾತ್ರ ಖಾಲಿ. ಅವಳಿಗೆ ಭೂಗೋಳ ಬೇಕಂತೆ. ಎಲ್ಲರ ಮನೆ ಮಕ್ಕಳ ಭವಿಷ್ಯವನ್ನೂ ತನ್ನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ನಮ್ಮ ಭಾವ ಮೊನ್ನೆ ಬಂದವನು ಅರ್ಜಿ ಎತ್ತಿ ನೋಡಿ ನಕ್ಕ.

"ಭೂಗೋಳ ಓದಿ ಏನ್ ಮಾಡ್ತಾಳೆ? ಗ್ಲೋಬ್ ತಿರುಗಿಸ್ಕೊಂಡು ಕೂರ್ತಾಳಾ? ಸುಮ್ನೆ ಬಿಸಿನೆಸ್ ಓದ್ಸು. ಎಂಬಿಎ ಮಾಡ್ಲಿ. ಈಗೆಲ್ಲಾ ಕಡೆ ಅವರದ್ದೇ ನಡೆಯೋದು."

ಅವರದ್ದೇ ನಡೆಯುತ್ತದೆ, ಸುಳ್ಳಲ್ಲ. ನಮ್ಮ ಬಸ್ ಡಿಪೋದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮೈಯಲ್ಲೂ ಅನುಭವಿಸಿದ್ದೇನೆ. ಭಾವನಿಗೆ ಅವತ್ತು ಬಾಯಿಮಾತಲ್ಲಿ ಹೇಳಲು ಹೋಗಿ ಅರ್ಧಕ್ಕೇ ಎದ್ದು ಒಳಗೆ ಹೋದೆ. ಅದಕ್ಕೇ ಬರೆಯಲು ಕೂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಬಸ್ ಕಂಡಕ್ಟರ್. ಹತ್ತೊಂಬತ್ತು ವರ್ಷದಿಂದ ಹೆಗಲಿಗೆ ಟಿಕೆಟ್ ಚೀಲ, ಬಾಯಲ್ಲಿ ಸೀಟಿ. ಡಿಪೋದಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಯಾವ ನಂಬರಿನ ಬಸ್ಸೋ ಅದೇ ಹೆಸರು. ನಾನು ಹದಿನೇಳರ ಅಕ್ಕ. ನನ್ನ ಡ್ರೈವರ್ ಹದಿನೇಳರ ಅಣ್ಣ. ಹೊಸದಾಗಿ ಮದುವೆಯಾಗಿ ಕೆಲಸಕ್ಕೆ ಸೇರಿದ ಇನ್ನೊಬ್ಬಳು ಕಂಡಕ್ಟರ್ ಒಂಬತ್ತರ ಹುಡುಗಿ. ನಂಬರಿಲ್ಲದ ಹೆಸರು ಇದ್ದದ್ದು ಒಬ್ಬರಿಗೆ ಮಾತ್ರ. ಅವರು ಭೂಗೋಳ ಸಾರ್.

ಭೂಗೋಳ ಸಾರ್ ವೇಳಾಪಟ್ಟಿ ಗುಮಾಸ್ತರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಎಷ್ಟು ನಿಲ್ಲಬೇಕು, ಯಾವಾಗ ವಾಪಸು ತಿರುಗಬೇಕು ಅನ್ನುವುದೆಲ್ಲ ಅವರ ಪೆನ್ಸಿಲ್ಲಿನಿಂದ ಹೊರಡುತ್ತಿತ್ತು. ಹಳೇ ಟೈರು ಪೇರಿಸುವ ಕೋಣೆಗೂ ಮೆಟ್ಟಿಲಿಗೂ ನಡುವೆ ಉಳಿದ ಜಾಗದಲ್ಲಿ ಅವರ ಮೇಜು. ಕಿಟಕಿ ಇಲ್ಲ, ರಬ್ಬರಿನ ವಾಸನೆ ಮಾತ್ರ ಧಾರಾಳ. ಗೋಡೆ ತುಂಬ ಅವರೇ ಬರೆದ ನಕ್ಷೆಗಳು. ಅಂಗಡಿಯ ಗೋಡೆಗಡಿಯಾರದ ಹಾಗೆ ಸದ್ದಿಲ್ಲದೆ ಕೆಲಸ ಮಾಡುವ ಮನುಷ್ಯ. ಭೂಗೋಳದಲ್ಲಿ ಎಂ.ಎ. ಮಾಡಿದ್ದರು. ಒಂದು ಪಟ್ಟಣದ ಜನ ನೀರು ತರಲು ಎಷ್ಟು ದೂರ ನಡೆಯುತ್ತಾರೆ, ಯಾವ ದಾರಿ ಹಿಡಿಯುತ್ತಾರೆ, ಎಲ್ಲಿ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಾರೆ ಎಂದು ಎರಡು ವರ್ಷ ಅಲೆದು ಪ್ರಬಂಧ ಬರೆದಿದ್ದರಂತೆ. ಪಾಠ ಹೇಳುವ ಕೆಲಸ ಸಿಗಲಿಲ್ಲ, ಡಿಪೋದ ಕೆಲಸ ಸಿಕ್ಕಿತು. ಅದರ ಬಗ್ಗೆ ಅವರು ಗೊಣಗಿದ್ದನ್ನು ನಾನಂತೂ ಕೇಳಿಲ್ಲ.

ಪಟ್ಟಿ ಬದಲಾಗುವ ಮುಂಚೆ ಪ್ರತಿ ವರ್ಷವೂ ಒಂದು ತಿಂಗಳು ಅವರು ಮೇಜಿನ ಹತ್ತಿರ ಸಿಗುತ್ತಿರಲಿಲ್ಲ. ಒಂದೊಂದು ದಿನ ಒಂದೊಂದು ಬಸ್ಸಿನ ಕೊನೆಯ ಸೀಟಿನಲ್ಲಿ, ತೊಡೆಯ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡು ಕೂತುಬಿಡುವವರು. ಶಾಲೆ ಗಂಟೆ ಹೊಡೆದಾಗ ರಸ್ತೆ ದಾಟುವ ಮಕ್ಕಳಿಗೆ ಬಸ್ಸು ಎಷ್ಟು ಹೊತ್ತು ಕಾಯುತ್ತದೆ, ಆಸ್ಪತ್ರೆ ನಿಲ್ದಾಣದಲ್ಲಿ ಇಳಿಯುವವರು ಯಾಕೆ ನಿಧಾನ, ಎಲ್ಲವನ್ನೂ ಬರೆದುಕೊಳ್ಳುವರು. "ಹಿಂದೆ ಭೂಗೋಳ ಕೂತಿದೆ, ನೆಟ್ಟಗೆ ಓಡ್ಸಪ್ಪ" ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಆದರೆ ಅವರ ಪಟ್ಟಿ ಹಿಡಿದು ಓಡಿಸಿದವರು ಯಾರೂ ಪ್ರಯಾಣಿಕರಿಂದ ಬೈಸಿಕೊಳ್ಳಲಿಲ್ಲ.

ಕಂಡಕ್ಟರ್ ಕೆಲಸಕ್ಕೆ ಹೆಂಗಸರನ್ನು ಮೊದಲ ಸಲ ತೆಗೆದುಕೊಂಡಾಗ ನಾವು ಐದು ಜನ. ಸಮವಸ್ತ್ರ ಕೊಟ್ಟರು, ಚೀಲ ಕೊಟ್ಟರು, ಹಾರ ಹಾಕಿ ಫೋಟೋ ಕೂಡ ತೆಗೆದರು. ಶೌಚಕ್ಕೆ ಎಲ್ಲಿ ಹೋಗುತ್ತೀರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಕೂಡಲೇ ಬಸ್ಸು ತಿರುಗಿಸಿ ಹೊರಡಬೇಕು. ಅಷ್ಟರಲ್ಲೇ ಗಂಡಸರು ಯಾವುದೋ ಗೋಡೆ ನೋಡಿಕೊಂಡು ಒಂದು ನಿಮಿಷದಲ್ಲಿ ಕೆಲಸ ಮುಗಿಸಿ ಬರುತ್ತಿದ್ದರು. ನಾವು ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಎರಡರವರೆಗೆ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ತಾನೇ ಹೋಗಬೇಕಾದದ್ದು!

ಒಂದು ವರ್ಷ ಹಲ್ಲುಕಚ್ಚಿ ತಡೆದುಕೊಂಡು, ಒಂದು ದಿನ ಧೈರ್ಯ ಮಾಡಿ ಭೂಗೋಳ ಸಾರ್ ಮೇಜಿನ ಮುಂದೆ ನಿಂತೆ.

"ಸಾರ್, ಕೊನೇ ಸ್ಟಾಪಲ್ಲಿ ಒಂದು ಸ್ವಲ್ಪ ಹೊತ್ತು ಬೇಕಿತ್ತು."

"ಯಾಕಮ್ಮ?"

ನಾನು ನೆಲ ನೋಡಿದೆ. ಅವರು ನನ್ನ ಮುಖ ನೋಡಿ, ಆಮೇಲೆ ತಾವೂ ನೆಲ ನೋಡಿದರು. "ಆಯ್ತಮ್ಮ, ಹೋಗು" ಅಂದರು.

ಮುಂದಿನ ಭಾನುವಾರ ಅವರು ತಮ್ಮ ಹೆಂಡತಿಯನ್ನು ಕರೆದುಕೊಂಡು ಹದಿನೇಳರ ಕೊನೆಯ ನಿಲ್ದಾಣಕ್ಕೆ ಬಂದಿದ್ದರಂತೆ. ಅಲ್ಲಿಂದ ಒಂದು ತಿರುವು ದಾಟಿದರೆ ಗ್ರಂಥಾಲಯ, ಅದರ ಹಿಂದೆ ಹೆಂಗಸರ ಶೌಚಾಲಯ. ಅಲ್ಲಿನ ಕಾವಲಿನವಳನ್ನು ಆ ಅಮ್ಮನೇ ಮಾತಾಡಿಸಿ ಒಪ್ಪಿಸಿದರು. ಆಮೇಲೆ ನಿಲ್ದಾಣದಿಂದ ಅಲ್ಲಿಗೆ ಮೂರು ಸಲ ಹೋಗಿ ಬಂದರು. ಸಾರ್ ಕಲ್ಲುಬೆಂಚಿನ ಮೇಲೆ ಗಡಿಯಾರ ಹಿಡಿದು ಕೂತಿದ್ದರು. ಹೋಗಲು ಎರಡು ನಿಮಿಷ, ಬರಲು ಎರಡು, ಅಲ್ಲಿ ಎರಡು. ಹೀಗೆಯೇ ಒಂದೊಂದು ಭಾನುವಾರ ಒಂದೊಂದು ಕಡೆ. ಎಲ್ಲೋ ಆಸ್ಪತ್ರೆ, ಎಲ್ಲೋ ಶಾಲೆ, ಎಲ್ಲೋ ಪೆಟ್ರೋಲ್ ಬಂಕ್. ಕೊನೆಗೆ, ನಿನಗೆ ಹೆಚ್ಚು ನನಗೆ ಕಡಿಮೆ ಎಂಬ ಜಗಳ ಬೇಡವೆಂದು ಎಲ್ಲ ನಂಬರಿಗೂ ಆರು ನಿಮಿಷ ಹಾಕಿದರು.

ಹಾಕಿದ್ದು ಸರಿ. ಆದರೆ ಬಸ್ಸು ಸುಮ್ಮನೆ ನಿಲ್ಲುವ ಹಾಗಿಲ್ಲ. ಪಟ್ಟಿಯಲ್ಲಿ 'ಕಾರಣ' ಅಂತ ಒಂದು ಖಾನೆ ಇದೆ, ಅದನ್ನು ತುಂಬಲೇಬೇಕು. ಅಷ್ಟೆಲ್ಲ ನಡೆಸಿ, ಅಳೆದು, ಒಪ್ಪಿಸಿ ಬಂದ ಮನುಷ್ಯನಿಗೆ ಆ ಒಂದು ಪದ ಬರೆಯಲು ಕೈ ಬರಲಿಲ್ಲ. ಪಟ್ಟಿ ಗೋಡೆಯ ಮೇಲೆ ಅಂಟುತ್ತದೆ, ನೂರಾರು ಗಂಡಸರು ಓದುತ್ತಾರೆ, ಹೆಣ್ಣುಮಕ್ಕಳಿಗೆ ಮುಜುಗರವಾಗುತ್ತದೆ ಎಂದುಕೊಂಡರು. ಪಕ್ಕದ ಕೋಣೆಯ ಟೈರು ನೋಡಿದರೋ ಏನೋ, 'ಟೈರು ತಪಾಸಣೆ' ಎಂದು ಬರೆದುಬಿಟ್ಟರು.

ಹದಿನೆಂಟು ವರ್ಷ ಅದೇ ನಡೆಯಿತು. ಐದು ಜನ ಇದ್ದ ನಾವು ಅರವತ್ತಾದೆವು. ಡಿಪೋದಲ್ಲಿ ಅದು ನಮ್ಮ ಮಾತೇ ಆಗಿಹೋಯಿತು. "ಅಣ್ಣ, ಟೈರ್ ನೋಡ್ಕೊಂಡ್ ಬರ್ತೀನಿ" ಅಂದರೆ ಡ್ರೈವರುಗಳು ತಲೆಯಾಡಿಸಿ ಪೇಪರ್ ಬಿಡಿಸುತ್ತಿದ್ದರು.

ಹೋದ ವರ್ಷ ವೇಳಾಪಟ್ಟಿ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಆ ಕುರ್ಚಿ ಭೂಗೋಳ ಸಾರ್‌ಗೇ ಎಂದು ನಾವೆಲ್ಲ ಅಂದುಕೊಂಡಿದ್ದೆವು, ಬೇರೆ ಯಾರಿದ್ದರು? ಆದರೆ ಮೇಲಿನಿಂದ ಸುತ್ತೋಲೆ ಬಂತು: ಈ ಹುದ್ದೆಗೆ ಎಂಬಿಎ ಕಡ್ಡಾಯ. ಬಸ್ಸು ಹತ್ತಿ ಇಳಿದ ಅನುಭವ ಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಬಂದವನಿಗೆ ಇಪ್ಪತ್ತೆಂಟು ವರ್ಷ. ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಎಲ್ಲರಿಗೂ ನಗುತ್ತಾ ನಮಸ್ಕಾರ ಹೇಳುತ್ತಿದ್ದ, ನಮ್ಮನ್ನು ಅಕ್ಕ ಎಂದೇ ಕರೆಯುತ್ತಿದ್ದ. ಮೊದಲ ದಿನ ಭೂಗೋಳ ಸಾರ್ ಹತ್ತಿರ ಕುರ್ಚಿ ಎಳೆದು ಕೂತು ಕೇಳಿದ.

"ನೀವು ಏನ್ ಓದಿದೀರಿ ಸಾರ್?"

"ಭೂಗೋಳ. ಎಂ.ಎ."

"ಓ, ಆಸಕ್ತಿಗೆ ಓದಿದ್ದು" ಅಂದ.

ಹತ್ತಿರದಲ್ಲೇ ಇದ್ದ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎರಡು ವರ್ಷ ಬಿಸಿಲಲ್ಲಿ ನೀರಿನ ದಾರಿ ಅಳೆದದ್ದು ಆಸಕ್ತಿಗಂತೆ! ಇವನು ತಂಪು ಕೋಣೆಯಲ್ಲಿ ಕೂತು ಪಡೆದದ್ದು ಮಾತ್ರ ಓದು. ಭೂಗೋಳ ಸಾರ್ "ಹೌದು ಸಾರ್" ಎಂದು ನಕ್ಕುಬಿಟ್ಟರು. ಆ ನಗು ಕಂಡು ನನಗೆ ಇನ್ನಷ್ಟು ಉರಿಯಿತು.

ಹೊಸಬ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದ. ಬಸ್ಸು ನಿಂತಿರುವ ಹೊತ್ತೆಲ್ಲ ಕೆಂಪು ಬಣ್ಣದಲ್ಲಿ ಕಾಣಿಸಿತು. ಪ್ರತಿ ಕೊನೆಯ ನಿಲ್ದಾಣದಲ್ಲೂ ಆರು ನಿಮಿಷ ಟೈರು ತಪಾಸಣೆ. ಟೈರು ವಿಭಾಗಕ್ಕೆ ಚೀಟಿ ಕಳಿಸಿದ: ಕೊನೆಯ ನಿಲ್ದಾಣದಲ್ಲಿ ಟೈರು ನೋಡುವವರು ಯಾರು? ಅವರು ಇದ್ದದ್ದನ್ನೇ ಬರೆದರು: ಯಾರೂ ಇಲ್ಲ, ಬೆಳಿಗ್ಗೆ ಡಿಪೋದಲ್ಲೇ ನೋಡುತ್ತೇವೆ. ಮುಗಿಯಿತು. ಒಂದೇ ಒತ್ತಿಗೆ ಆರು ನಿಮಿಷಗಳೆಲ್ಲ ಹೋದವು. ಪ್ರತಿ ಬಸ್ಸಿಗೂ ದಿನಕ್ಕೊಂದು ಟ್ರಿಪ್ ಹೆಚ್ಚಾಯಿತು. ಅವನ ಫೋಟೋ ನೋಟಿಸ್ ಬೋರ್ಡಿಗೆ ಬಂತು, ಕೆಳಗೆ 'ತಿಂಗಳ ಸಾಧಕ'.

ಭೂಗೋಳ ಸಾರ್ ಅವನ ಕೋಣೆಗೆ ಹೋದರು. ಹೋಗಿ ಬಂದ ಮೇಲೆ ನನಗೆ ಅವರೇ ಹೇಳಿದ್ದು.

"ಆ ಆರು ನಿಮಿಷ ತೆಗೀಬೇಡಿ ಸಾರ್ ಅಂದೆ. ಯಾಕೆ ಅಂದ. ಬೇಕಾಗುತ್ತೆ ಅಂದೆ. ಟೈರಿಗಾ ಅಂತ ಕೇಳ್ದ."

"ನೀವೇನಂದ್ರಿ?"

"ಸುಮ್ನೆ ಎದ್ದು ಬಂದೆ ಕಣಮ್ಮ."

ನನಗೆ ಪಿತ್ತ ನೆತ್ತಿಗೇರಿತು. "ಬಾಯಲ್ಲಿ ಏನಿಟ್ಕೊಂಡಿದ್ರಿ ಸಾರ್?" ಎಂದು ವಯಸ್ಸನ್ನೂ ನೋಡದೆ ಬೈದುಬಿಟ್ಟೆ.

ನಾವು ಮತ್ತೆ ನೀರು ಬಿಟ್ಟೆವು. ತುಂಬಿದ ಬಾಟಲಿ ಮನೆಯಿಂದ ಹೊರಟು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಆಗ ನನ್ನ ವಯಸ್ಸು ಚಿಕ್ಕದು, ಈಗ ನಲವತ್ತೈದು. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಹಿಂಡುತ್ತಿತ್ತು, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಕಂಬ ಹಿಡಿದು ಕಣ್ಣು ಮುಚ್ಚುತ್ತಿದ್ದೆ.

ಹದಿನೇಳರ ಅಣ್ಣ ಒಂದು ಉಪಾಯ ಹೂಡಿದ. "ಆ ಸಾಹೇಬ್ರನ್ನ ಒಂದಿನ ಪೂರ್ತಿ ನಮ್ಮ ಬಸ್ಸಲ್ಲಿ ಕೂರ್ಸೋಣ ಅಕ್ಕ. ಅರ್ಥ ಆಗುತ್ತೆ." ಕರೆದರೆ ಅವನು ಸಂತೋಷವಾಗಿ ಬಂದ. ಹತ್ತುವ ಮುಂಚೆ ಎರಡು ಲೋಟ ಚಹಾ ಕುಡಿಸಿದೆವು. ಕೊನೆಯ ನಿಲ್ದಾಣ ಬಂತು. ಅವನು ಇಳಿದ, ಗೋಡೆಯ ಕಡೆ ಹೋದ, ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ವಾಪಸು ಬಂದ. ಗಡಿಯಾರ ನೋಡಿಕೊಂಡ.

"ನೋಡಿ ಅಣ್ಣ, ನನ್ನ ಪ್ರಕಾರ ಇಲ್ಲಿ ಒಂದು ನಿಮಿಷ ಧಾರಾಳವಾಗಿ ಸಾಕು" ಅಂದ.

ಹದಿನೇಳರ ಅಣ್ಣ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ನಾಲ್ಕು ಮಾತು ಅಂದುಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಜನ ಹತ್ತತೊಡಗಿದ್ದರು. ಅಷ್ಟು ಜನರ ಮುಂದೆ ಏನಂತ ಹೇಳುವುದು? ತೆರೆದ ಬಾಯಿಗೆ ಸೀಟಿ ಇಟ್ಟು ಊದಿದೆ. ಭೂಗೋಳ ಸಾರ್‌ಗೆ ಬೈದ ಬಾಯಿ ಇದೇ. ನಾಚಿಕೆಗೇಡು.

ಅದಾದ ಹತ್ತು ದಿನಕ್ಕೆ ಒಂಬತ್ತರ ಹುಡುಗಿ ಟಿಕೆಟ್ ಕೊಡುತ್ತಾ ಕೊಡುತ್ತಾ ಕುಸಿದಳು. ಮೈ ಕೆಂಡ. ಮೂತ್ರದ ಸೋಂಕು ಏರಿ ಮೂತ್ರಪಿಂಡಕ್ಕೆ ತಗುಲಿತ್ತು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಬೈದರು. "ನಿಮ್ಮ ಡಿಪೋದಿಂದ ಈ ತಿಂಗಳಲ್ಲಿ ಇವಳು ನಾಲ್ಕನೆಯವಳು. ನೀರು ಯಾಕೆ ಕುಡಿಯಲ್ಲ ನೀವು? ತಡ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಹೀಗೇ ಮುಂದುವರಿದ್ರೆ ಕಿಡ್ನಿ ಉಳಿಯಲ್ಲ."

ಭೂಗೋಳ ಸಾರ್ ಹೆಂಡತಿಯ ಜೊತೆ ಆಸ್ಪತ್ರೆಗೆ ಬಂದರು. ಆ ಹುಡುಗಿಯ ಕೈಗೆ ಚುಚ್ಚಿದ್ದ ಸೂಜಿ ನೋಡಿ, ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು.

"ಆ ಹುಡುಗನ ಲೆಕ್ಕ ಸರಿಯಾಗೇ ಇದೆ ಕಣಮ್ಮ. ಟೈರ್ ನೋಡೋಕೆ ಆರು ನಿಮಿಷ ಬೇಡ. ನಾನು ಬರೆದ ಕಾರಣಾನೇ ಸುಳ್ಳು."

ಮೇಲಿನವರಿಗೆ ನಿಜ ಹೇಳಲು ಹೋದರೆ ಹದಿನೆಂಟು ವರ್ಷ ಸುಳ್ಳು ದಾಖಲೆ ಬರೆದೆ ಎಂದು ಅವರು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಅದಕ್ಕೆ ಶಿಕ್ಷೆ ಇದೆ. ಅವರ ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು.

"ಬೇಡ ಸಾರ್" ಅಂದೆ. "ಬೇರೆ ಏನಾದ್ರೂ ಕಾರಣ ಬರೀರಿ. ಬ್ರೇಕ್ ತಪಾಸಣೆ ಅಂತ ಹಾಕಿ."

ಅವರು ಸಿಟ್ಟಾದದ್ದನ್ನು ನಾನು ಮೊದಲ ಸಲ ನೋಡಿದೆ. "ಇನ್ನೊಂದು ಸುಳ್ಳಾ? ಈ ಸುಳ್ಳಿಗೇ ಆ ಮಗು ಮಲಗಿದೆ!"

ತಿಂಗಳ ಸಭೆ ಮೇಲಿನ ಮಹಡಿಯಲ್ಲಿ. ಉದ್ದನೆ ಮೇಜು, ಪ್ರತಿಯೊಬ್ಬರ ಮುಂದೆಯೂ ನೀರಿನ ಬಾಟಲಿ. ದೊಡ್ಡ ಸಾಹೇಬರು ನಡುವೆ ಕೂತಿದ್ದರು. ಹೆಂಗಸರ ಪರವಾಗಿ ನಾನು, ಗುಮಾಸ್ತರ ಪರವಾಗಿ ಭೂಗೋಳ ಸಾರ್. ಎಂಬಿಎ ಸಾಹೇಬ ಪರದೆಯ ಮೇಲೆ ತನ್ನ ಪಟ್ಟಿ ತೋರಿಸಿದ, ಕೆಂಪೆಲ್ಲ ಹಸಿರಾಗಿತ್ತು. ಎಲ್ಲರೂ ತಲೆದೂಗಿದರು. ಭೂಗೋಳ ಸಾರ್ ಎದ್ದು ನಿಂತರು. ಕೈಯಲ್ಲಿ ಹಳೇ ಪಟ್ಟಿ ಇತ್ತು.

"ಹದಿನೆಂಟು ವರ್ಷ ನಾನು ಸುಳ್ಳು ಬರೆದಿದ್ದೀನಿ ಸಾರ್. ಅದು ಟೈರು ತಪಾಸಣೆ ಅಲ್ಲ. ನಮ್ಮ ಹೆಣ್ಣುಮಕ್ಕಳು ಮೂತ್ರಕ್ಕೆ ಹೋಗಿ ಬರೋ ಸಮಯ."

ಕೋಣೆಯಲ್ಲಿ ಒಬ್ಬರು ಕೆಮ್ಮಿದರು. ಇಬ್ಬರು ಫೋನು ತೆಗೆದು ನೋಡಿದರು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಸಾರ್ ನಿಲ್ಲಿಸಲಿಲ್ಲ. ಯಾವ ನಿಲ್ದಾಣದಿಂದ ಎಲ್ಲಿಗೆ, ಎಷ್ಟು ಹೆಜ್ಜೆ, ಎಷ್ಟು ಹೊತ್ತು, ಆಸ್ಪತ್ರೆಯಲ್ಲಿ ಎಷ್ಟು ಜನ, ಎಲ್ಲವನ್ನೂ ಒಂದೊಂದಾಗಿ ಹೇಳಿದರು.

"ನನಗೆ ಯಾರೂ ಹೇಳ್ಲೇ ಇಲ್ವಲ್ಲ ಸಾರ್" ಎಂದ ಎಂಬಿಎ ಸಾಹೇಬ. ಅವನ ಮುಖ ಬಿಳಿಚಿಕೊಂಡಿತ್ತು.

"ಹೇಳದೇ ಇದ್ದದ್ದು ನನ್ನ ತಪ್ಪು. ಆದ್ರೆ ನೀವು ಟೈರಿನವರನ್ನ ಕೇಳಿದ್ರಿ. ಬಸ್ಸಲ್ಲಿರೋರನ್ನ ಕೇಳ್ಲಿಲ್ಲ." ಹಳೇ ಪಟ್ಟಿಯನ್ನು ಮೇಜಿನ ಮೇಲಿಟ್ಟು ಅಂದರು, "ನಾನು ಓದಿದ್ದು ಇದನ್ನೇ ಸಾರ್. ಯಾರು, ಎಷ್ಟು ದೂರ, ಯಾತಕ್ಕೆ ನಡೀತಾರೆ ಅನ್ನೋದನ್ನ. ಆಸಕ್ತಿಗೆ ಓದಿದ್ದಲ್ಲ."

ನಾಲ್ಕು ದಿನದಲ್ಲಿ ಎರಡು ಆದೇಶ ಬಂದವು. ಮೊದಲನೆಯದು, ಆರು ನಿಮಿಷ ವಾಪಸು. ಎರಡನೆಯದು ಭೂಗೋಳ ಸಾರ್ ಹೆಸರಿಗೆ ಮೆಮೊ. ದೀರ್ಘಕಾಲ ಸುಳ್ಳು ದಾಖಲೆ ಬರೆದು ಸಂಸ್ಥೆಯನ್ನು ದಾರಿ ತಪ್ಪಿಸಿದ್ದಕ್ಕೆ ವೇಳಾಪಟ್ಟಿ ಕೆಲಸದಿಂದ ತೆಗೆದು, ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೌಂಟರಿಗೆ ಹಾಕಲಾಗಿದೆ. ಜೊತೆಗೆ ಒಂದು ವಾರದ ಮ್ಯಾನೇಜ್‌ಮೆಂಟ್ ತರಬೇತಿಗೂ ಹಾಜರಾಗಬೇಕು. ಅವರಿಗೆ ತರಬೇತಿ! ಕಲಿಯಬೇಕಾದವರು ಅವರಂತೆ!

ಭಾವನಿಗೆ ನಾನು ಹೇಳಿದ್ದು ಇಲ್ಲಿಯವರೆಗೆ. ಅಷ್ಟಕ್ಕೇ ಅವನು ಕೈ ತಟ್ಟಿದ. "ನಾನೂ ಅದನ್ನೇ ಹೇಳಿದ್ದು. ಎಂಬಿಎ ಓದಿದವನು ಎಲ್ಲಿದ್ದಾನೆ, ಭೂಗೋಳ ಓದಿದವನು ಎಲ್ಲಿದ್ದಾನೆ ನೋಡು. ಹರಿದ ಕೊಡೆಗಳ ಮಧ್ಯೆ!" ನಾನು ಎದ್ದು ಒಳಗೆ ಹೋದದ್ದು ಆವಾಗಲೇ. ಕೊಡೆಗಳ ಮಧ್ಯೆ ಕೂತವರಿಂದ ಅರವತ್ತು ಹೆಂಗಸರು ಈಗ ನೀರು ಕುಡಿಯುತ್ತಿದ್ದಾರೆ ಕಣೋ ಎಂದು ಕೂಗಬೇಕಿತ್ತು. ಅಂದಹಾಗೆ ಆ ಕೌಂಟರಿನ ಗೋಡೆಯ ಮೇಲೂ ಈಗ ಒಂದು ನಕ್ಷೆ ಬಂದಿದೆ. ಜನ ಯಾವ ನಿಲ್ದಾಣದಲ್ಲಿ ಏನನ್ನು ಹೆಚ್ಚು ಮರೆತು ಇಳಿಯುತ್ತಾರೆ ಎಂದು ಅವರೇ ಗುರುತು ಹಾಕಿದ್ದಾರೆ.

ಮೊನ್ನೆ ಸೋಮವಾರ ಹೊಸ ಪಟ್ಟಿ ಬೋರ್ಡಿಗೆ ಬಂತು. ಓಡಿ ಹೋಗಿ ಬೆರಳಿಟ್ಟು ಹುಡುಕಿದೆ. ಹದಿನೇಳು, ಕೊನೆಯ ನಿಲ್ದಾಣ, ಆರು ನಿಮಿಷ. ಜೀವ ಬಂದ ಹಾಗಾಯಿತು. ಹಾಗೇ ಬೆರಳನ್ನು ಪಕ್ಕಕ್ಕೆ ಸರಿಸಿದೆ. ಕಾರಣ: ಟೈರು ತಪಾಸಣೆ.

ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ನಲವತ್ತೆರಡು ಸಾಲಿನಲ್ಲೂ ಅದೇ. ಕೆಳಗೆ ಎಂಬಿಎ ಸಾಹೇಬನ ಸಹಿ. ಎರಡೆರಡು ಮೆಟ್ಟಿಲು ಹಾರಿ ಅವನ ಕೋಣೆಗೆ ಹೋದೆ.

"ಇದೇನ್ ಸಾರ್ ಇದು?"

ಅವನ ಕಿವಿ ಕೆಂಪಾಯಿತು. "ಅಕ್ಕ, ಅದನ್ನ ಹೇಗೆ ಬರೆಯೋದು ಹೇಳಿ... ಎಲ್ಲಾರೂ ಓದ್ತಾರೆ. ಕಂಪ್ಯೂಟರಲ್ಲಿ ಆ ಕಾರಣಾನೂ ಇಲ್ಲ. ನಿಮಗೆ ಸಮಯ ಸಿಕ್ತಲ್ಲ, ಬಿಡಿ." ಹೇಳುತ್ತಾ ನೆಲ ನೋಡಿದ.

ಹದಿನೆಂಟು ವರ್ಷದ ಹಿಂದೆ ಇನ್ನೊಬ್ಬರೂ ಹೀಗೇ ನೆಲ ನೋಡಿದ್ದರು. ಆದರೆ ಅವರು ಭಾನುವಾರ ಎದ್ದು ಹೋಗಿ ದಾರಿ ಅಳೆದಿದ್ದರು. ಅದೇ ಸುಳ್ಳು, ಅದೇ ಖಾನೆ. ಭೂಗೋಳದವರು ಬರೆದರೆ ಮೆಮೊ, ಎಂಬಿಎಯವನು ಬರೆದರೆ ಸಹಿ, ಮೊಹರು, ಆದೇಶ!

ಕೆಳಗೆ ಬಂದು ಟಿಕೆಟ್ ಚೀಲದಿಂದ ಕೆಂಪು ಪೆನ್ನು ತೆಗೆದೆ. ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಹಾಜರಾಗಿದ್ದ ಒಂಬತ್ತರ ಹುಡುಗಿ ಸ್ಟೂಲ್ ತಂದು ಗಟ್ಟಿಯಾಗಿ ಹಿಡಿದುಕೊಂಡಳು. ಹತ್ತಿ ನಿಂತು, ಟೈರನ್ನು ಹೊಡೆದು ಹಾಕಿ, ಪಕ್ಕದಲ್ಲಿ ಬರೆಯುತ್ತಾ ಹೋದೆ. ಹೆಂಗಸರ ಶೌಚಕ್ಕೆ. ಹೆಂಗಸರ ಶೌಚಕ್ಕೆ. ಡ್ರೈವರುಗಳು ಸುತ್ತ ನೆರೆದರು. ಮೊದಲು ಒಂದಿಬ್ಬರು ಕಿಸಕ್ಕೆಂದರು. ಹದಿನೇಳರ ಅಣ್ಣ ತಿರುಗಿ ನೋಡಿದ ಮೇಲೆ ಅದೂ ನಿಂತಿತು.

ಗಲಾಟೆ ಕೇಳಿ ಭೂಗೋಳ ಸಾರ್ ಬಂದರು, ಕಂಕುಳಲ್ಲಿ ಯಾರದೋ ಕೊಡೆ. ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಓದಿದರು.

"ಮೂವತ್ತೊಂದರ ಸಾಲು ಬಿಟ್ಟಿದ್ದೀಯ ನೋಡಮ್ಮ."

ಬರೆಯಲು ಬಗ್ಗಿದೆ. ಅವರು ಕೊಡೆಯನ್ನು ಆ ಹುಡುಗಿಯ ಕೈಗೆ ಕೊಟ್ಟು, ಪೆನ್ನು ಕೊಡು ಎಂದು ನನ್ನ ಮುಂದೆ ಕೈ ಚಾಚಿದರು. ಹದಿನೆಂಟು ವರ್ಷ ಬರೆಯಲಾಗದ ಪದವನ್ನು ತಮ್ಮ ದುಂಡನೆಯ ಅಕ್ಷರದಲ್ಲಿ, ನೂರು ಗಂಡಸರ ಮುಂದೆ, ಬರೆದರು. ಕೆಳಗೆ ಸಹಿ ಹಾಕಿದರು, ತಾರೀಕನ್ನೂ ಹಾಕಿದರು.

ಪಟ್ಟಿಯ ಮೇಲೆ ಗೀಚಿದ್ದಕ್ಕೆ ನಮ್ಮಿಬ್ಬರಿಗೂ ಮೆಮೊ ತಯಾರಾಗುತ್ತಿದೆಯಂತೆ. ನಾಲ್ಕು ದಿನವಾಯಿತು, ಇನ್ನೂ ಬಂದಿಲ್ಲ. ಎಂಬಿಎ ಸಾಹೇಬ ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು ಮಾಡುತ್ತಿದ್ದಾನೆ ಎಂದು ಅವನ ಟೈಪಿಸ್ಟ್ ಹೇಳಿದಳು. ನಾವು ಏನು ಬರೆದೆವು ಎಂದು ಆ ಮೆಮೊದಲ್ಲಿ ಅವನು ಬರೆಯಲೇಬೇಕಲ್ಲ.